ಏಳನೆಯ ಕಾರಿನ ಕಂಪನ

ಮೇಟಗಳ್ಳಿಯ ಶೆಡ್ಡಿನಲ್ಲಿ ಆದಿಕಂಪನ ಶೋಧಕ ಮೊದಲ ಬಾರಿಗೆ ಕೆಲಸ ಶುರುಮಾಡಿದಾಗ, ಅದರ ಸದ್ದು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಷ್ಟೇ ಇತ್ತು. ನೋಡಲು ಸೋರೆಕಾಯಿ ಗಾತ್ರದ ಬೂದು ಬಣ್ಣದ ಕೊಳವೆ. ಅದರ ತುದಿಯನ್ನು ಕಾರಿನ ಯಾವುದಾದರೂ ಲೋಹದ ಭಾಗಕ್ಕೆ ತಾಗಿಸಿ ಹಿಡಿದರೆ ಪಕ್ಕದ ಪರದೆಯ ಮೇಲೆ ಒಂದು ಬಣ್ಣದ ಗೆರೆ ಏಳುತ್ತಿತ್ತು. ಒಂದು ಕಾರಿನಲ್ಲಿ ಹುಟ್ಟಿದ ಭಾಗಗಳಿಗೆಲ್ಲ ಒಂದೇ ಬಣ್ಣ. ಬೇರೆ ಕಾರಿನಿಂದ ಬಂದದ್ದಕ್ಕೆ ಬೇರೆ ಬಣ್ಣ.

"ಇದೇನು ತಾಯಿ, ಜಾತಕ ನೋಡ್ದಂಗೆ ನೋಡ್ತದಲ್ಲ ನಿಮ್ಮ ಯಂತ್ರ," ಎಂದರು ಮರಿಬಸಪ್ಪ.

ಯಂತ್ರವನ್ನು ಕಟ್ಟಿದ ಲೋಹವಿಜ್ಞಾನಿ ಡಾಕ್ಟರ್ ನಫೀಸಾ ನಕ್ಕಳು. "ಜಾತಕಕ್ಕಿಂತ ಚಪ್ಪಲಿ ಅನ್ನಿ ಅಂಕಲ್. ಹೊಸ ಚಪ್ಪಲೀನ ಮೊದಲು ಯಾರು ಮೆಟ್ತಾರೋ ಅವರ ಕಾಲಿನ ಅಚ್ಚೇ ಅದಕ್ಕೆ ಬೀಳೋದು ಅಲ್ವಾ? ಲೋಹವೂ ಹಾಗೇನೇ."

ಸಂಗತಿ ಇಷ್ಟು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಎಂಜಿನ್ನುಗಳೂ ಒಂದೇ ತರಹ ನಡುಗುವುದಿಲ್ಲ. ಹೊಸ ಲೋಹದ ಒಳಗಿನ ಹರಳುಕಣಗಳು ಇನ್ನೂ ನೆಲೆಗೊಳ್ಳುತ್ತಿರುವಾಗ, ಅಂದರೆ ಗಾಡಿ ಓಡಲು ಶುರುಮಾಡಿದ ಮೊದಲ ಕೆಲವು ತಿಂಗಳಲ್ಲಿ, ಆ ಗಾಡಿಯ ನಡುಕ ಅದರ ಪ್ರತಿಯೊಂದು ಭಾಗದಲ್ಲೂ ಅಚ್ಚಾಗಿ ಕೂರುತ್ತದೆ. ಇದೇ ಆದಿಕಂಪನ. ನೂರು ವರ್ಷ ಕಳೆದರೂ ಅದು ಅಳಿಯುವುದಿಲ್ಲ ಎಂದು ಕಂಡುಕೊಂಡವಳು ನಫೀಸಾ.

"ಮೊದ್ಲು ಮೆಟ್ಟಿದವ್ರು ಬಿಟ್ಟುಹಾಕಿ, ಆಮೇಲೆ ಇನ್ಯಾರೋ ಕಾಲ ಪೂರ್ತಿ ಮೆಟ್ಕೊಂಡು ಓಡಾಡಿದ್ರೆ?"

"ಅವರ ಅಚ್ಚೂ ಬೀಳುತ್ತೆ. ಆದರೆ ಮಸುಕಾಗಿ, ಒಂದರ ಮೇಲೊಂದು. ನಾವು ಅದನ್ನ ಗದ್ದಲ ಅಂತೀವಿ. ಯಂತ್ರ ಅದನ್ನ ಒರೆಸಿಹಾಕಿ ಬುಡದ ಅಚ್ಚನ್ನ ಮಾತ್ರ ಓದುತ್ತೆ."

"ಒಳ್ಳೇದಾಯ್ತು ಬಿಡಿ," ಎಂದರು ಮರಿಬಸಪ್ಪ, ತೃಪ್ತಿಯಿಂದ.

ಅವರ ತೃಪ್ತಿಗೆ ಕಾರಣವಿತ್ತು. ಮರಿಬಸಪ್ಪನವರದು ಮದುವೆಮನೆಗಳಿಗೆ ಶಾಮಿಯಾನ, ಕುರ್ಚಿ, ಕೊಳದಪ್ಪಲೆ ಬಾಡಿಗೆಗೆ ಕೊಡುವ ವ್ಯಾಪಾರ. ಮನಸ್ಸು ಮಾತ್ರ ಇದ್ದದ್ದು ಅವರ ಹಾರ್ಗ್ರೀವ್ಸ್ ಕಾರಿನಲ್ಲಿ. ಬ್ರಿಟಿಷರ ಕಾಲದಲ್ಲಿ ಬಂದ ಆ ಮಾದರಿಯ ಕಾರುಗಳಲ್ಲಿ ಮೈಸೂರು ಸೀಮೆಯಲ್ಲಿ ಉಳಿದಿದ್ದವು ಏಳೇ ಏಳು. ಏಳು ಜನ ಒಡೆಯರು ಸೇರಿ ಹಾರ್ಗ್ರೀವ್ಸ್ ಬಳಗ ಎಂದು ಮಾಡಿಕೊಂಡಿದ್ದರು. ಊರೆಲ್ಲ ಚಾಲಕರಿಲ್ಲದ ಗಾಡಿಗಳು ಸದ್ದಿಲ್ಲದೆ ಹರಿದಾಡುವ ಆ ಕಾಲದಲ್ಲಿ, ಭಾನುವಾರ ಬೆಳಿಗ್ಗೆ ಹೆಂಡತಿ ಗೌರಾಂಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡಿನವರೆಗೆ ತಾವೇ ಕೈಯಾರೆ ಗೇರು ಬದಲಾಯಿಸುತ್ತ ಹೋಗಿಬರುವುದು ಮರಿಬಸಪ್ಪನವರ ವಾರದ ಹಬ್ಬ. ಉಳಿದ ಆರು ಕಾರುಗಳು ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರಡುತ್ತಿದ್ದವು. ಇವರದು ವಾರ ತಪ್ಪುತ್ತಿರಲಿಲ್ಲ. ಕೀಲಿ ತಿರುವಿದರೆ ಎರಡು ಸಲ ಕೆಮ್ಮಿ, ಒಂದು ಗಳಿಗೆ ತಡೆದು ಹತ್ತಿಕೊಳ್ಳುವುದು ಅದರ ಚಾಳಿ.

ಈಗ ಅದಕ್ಕೆ ಸಂಚಕಾರ ಬಂದಿತ್ತು. ಪೆಟ್ರೋಲು ಪ್ರಯೋಗಶಾಲೆಯಲ್ಲಿ ಮಾತ್ರ ತಯಾರಾಗುತ್ತಿತ್ತು. ಇನ್ನು ಮುಂದೆ ಅದು ಮೂಲಶುದ್ಧಿ ಪತ್ರ ಪಡೆದ ಕಾರುಗಳಿಗಷ್ಟೇ ಎಂದು ಪುರಾತನ ವಾಹನಗಳ ಮಂಡಳಿ ಕಟ್ಟಳೆ ಮಾಡಿತ್ತು. ಹತ್ತರಲ್ಲಿ ಒಂಬತ್ತು ಪಾಲು ಭಾಗಗಳು ಆ ಕಾರಿನವೇ ಆಗಿರಬೇಕು. ಮಿಕ್ಕ ಒಂದು ಪಾಲು ಹೊಸದಾಗಿ ಮಾಡಿಸಿದ್ದಾಗಬಹುದು, ಬೇರೊಂದು ಕಾರಿನದಾಗಕೂಡದು. ಬಳಗದ ಕಾರುಗಳನ್ನೆಲ್ಲ ಹಿಂದೆ ರಿಪೇರಿ ಮಾಡುತ್ತಿದ್ದವನು ಆಂಥೋಣಿ ಮೇಸ್ತ್ರಿ ಒಬ್ಬನೇ. ಅವನ ಕೈಯಲ್ಲಿ ಯಾವ ಕಾರಿನ ಯಾವ ಸಾಮಾನು ಎಲ್ಲಿಗೆ ಹೋಗಿತ್ತೋ, ಆ ಲೆಕ್ಕ ಅವನ ಜೊತೆಗೇ ಮಣ್ಣಾಗಿತ್ತು. ನನ್ನದು ನಿನ್ನಲ್ಲಿದೆ, ನಿನ್ನದು ಅವನಲ್ಲಿದೆ ಎಂಬ ಗುಮಾನಿ ಏಳೂ ಜನರಿಗೂ ಇತ್ತು. ಮರಿಬಸಪ್ಪನವರಿಗಂತೂ, ಕೊಡಗಿನ ಉತ್ತಯ್ಯನವರ ಕಾರಿನಲ್ಲಿದ್ದ ಹಿತ್ತಾಳೆ ಬಿಲ್ಲೆಯ ಕಾರ್ಬ್ಯುರೇಟರ್ ತಮ್ಮದೇ ಎಂದು ಬಹಳ ವರ್ಷಗಳ ನಂಬಿಕೆ.

ಹಾಗಾಗಿ ಹಿಂದಿನ ತಿಂಗಳ ಸಭೆಯಲ್ಲಿ ಎದ್ದು ನಿಂತು ನಿರ್ಣಯ ಮಂಡಿಸಿದವರು ಅವರೇ. "ಯಂತ್ರ ಯಾವುದು ಯಾರದ್ದು ಅಂತದೋ ಅದು ಅವರಿಗೆ ಸೇರಬೇಕು. ಹೆಂಗೆ ಬಂತು, ಯಾಕೆ ಬಂತು ಅನ್ನೋ ಮಾತು ಬೇಡ. ಜಗಳ ಬೇಡ." ಬಳಗದ ಪದ್ಧತಿಯ ಪ್ರಕಾರ ನಿರ್ಣಯ ಮಂಡಿಸುವವರು ತಮ್ಮ ಕಾರಿನ ಕೀಲಿಯನ್ನು ಮೇಜಿನ ಮೇಲಿಡಬೇಕು. ಇಟ್ಟ ಮೇಲೆ ನಿರ್ಣಯ ಜಾರಿಯಾಗುವ ತನಕ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮರಿಬಸಪ್ಪ ಕೀಲಿಯನ್ನು ಟಣ್ಣನೆ ಸದ್ದಾಗುವಂತೆಯೇ ಇಟ್ಟಿದ್ದರು.

ಆರು ಕಾರುಗಳ ಪರೀಕ್ಷೆ ಮುಗಿಯಿತು. ಪರದೆಯ ಮೇಲೆ ಆರು ಬಣ್ಣ. ಒಂದೊಂದು ಕಾರಿನಲ್ಲೂ ಕಾಲು ಭಾಗದಷ್ಟು ಆಮೇಲೆ ಮಾಡಿಸಿ ಹಾಕಿದ ಸಾಮಾನು, ಮಿಕ್ಕಿದ್ದೆಲ್ಲ ಸ್ವಂತದ್ದು. ಉತ್ತಯ್ಯನವರ ಕಾರ್ಬ್ಯುರೇಟರ್ ಉತ್ತಯ್ಯನವರದೇ ಎಂದಿತು ಯಂತ್ರ. ಮರಿಬಸಪ್ಪನವರ ಮುಖ ಸ್ವಲ್ಪ ಸಣ್ಣದಾಯಿತು.

"ಸಮಾಧಾನ ಆಯ್ತಾ ಬಸಪ್ಪ? ಇಷ್ಟು ವರ್ಷ ನನ್ನ ಬಾನೆಟ್ ಒಳಗೆ ಇಣುಕಿ ಇಣುಕಿ ನಿಮ್ಮ ಕುತ್ತಿಗೆ ನೋವು ಬಂದದ್ದೊಂದೇ ಲಾಭ," ಎಂದರು ಉತ್ತಯ್ಯ.

ಕಡೆಯದಾಗಿ ಮರಿಬಸಪ್ಪನವರ ಕಾರು. ನಫೀಸಾ ಎಂಜಿನ್ನಿಗೆ ಕೊಳವೆ ತಾಗಿಸಿದಳು. ನೀಲಿ ಗೆರೆ ಎದ್ದಿತು. ನೀಲಿ, ಬಳಗದ ಅಧ್ಯಕ್ಷರಾದ ವಕೀಲ ಶ್ರೀಕಂಠಸ್ವಾಮಿಯವರ ಕಾರಿನ ಬಣ್ಣ. ಗೇರ್ ಬಾಕ್ಸಿಗೆ ಹಿಡಿದಳು, ಕೆಂಪು. ಹಿಂದಿನ ಆಕ್ಸಲ್ ಹಸಿರು, ಅದು ಉತ್ತಯ್ಯನವರದು. ರೇಡಿಯೇಟರ್ ಒಬ್ಬರದು, ಸ್ಟಿಯರಿಂಗ್ ಇನ್ನೊಬ್ಬರದು, ತಳದ ಚಾಸಿ ಮತ್ತೊಬ್ಬರದು. ನಫೀಸಾ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಎರಡನೆಯ ಸಲವೂ ಅದೇ. ಆರು ಬಣ್ಣಗಳೂ ಬಂದವು. ಏಳನೆಯದು ಬರಲಿಲ್ಲ.

"ನನ್ನ ಬಣ್ಣ ಎಲ್ಲಿ ತಾಯಿ?" ಮರಿಬಸಪ್ಪ ಕೇಳಿದರು.

ನಫೀಸಾ ಕೊಳವೆಯನ್ನು ಸುಮ್ಮನೆ ಒರೆಸಿದಳು. "ಅಂಕಲ್, ಇದು ಕಾರ್ಖಾನೆಯಲ್ಲಿ ಹುಟ್ಟಿದ ಕಾರಲ್ಲ. ಆರು ಕಾರುಗಳ ಸಾಮಾನಿನಿಂದ ಕಟ್ಟಿದ್ದು. ಹಳೇ ಡ್ರಮ್ಮು ಬಿಡಿಸಿದ ಹೊರಗಿನ ತಗಡು, ಸೀಟು, ಮರದ ಚೌಕಟ್ಟು ಇಲ್ಲೇ ಮೈಸೂರಲ್ಲಿ ಮಾಡಿದವು."

"ಕಾರಾ ಇದು, ಗಣಪತಿ ಚಂದಾ ಎತ್ತಿ ಮಾಡಿದ್ದಾ?" ಎಂದರು ಉತ್ತಯ್ಯ. ಯಾರೂ ನಗಲಿಲ್ಲ. ಉತ್ತಯ್ಯನವರಿಗೂ ತಮ್ಮ ಮಾತು ಸರಿ ಕಾಣಲಿಲ್ಲ.

ಮುಂದೆ ಮಾತಾಡಿದವರು ಶ್ರೀಕಂಠಸ್ವಾಮಿ. ಅವರು ಹುಡುಗರಾಗಿದ್ದಾಗ ನೋಡಿದ್ದು ಈಗ ನೆನಪಿಗೆ ಬಂದಿತ್ತು. ಆಗಿನ ಒಡೆಯರಿಗೆ ಹಳೆಯದೆಂದರೆ ತಾತ್ಸಾರ. ಒಂದು ಬಿರುಕು ಕಂಡರೆ ಸಾಕು, ಕೊಯಮತ್ತೂರಿನಲ್ಲಿ ಹೊಸದು ಮಾಡಿಸಿ, ಅಲ್ಲೇ ತಿಂಗಳುಗಟ್ಟಲೆ ಓಡಿಸಿ ಪಳಗಿಸಿ ತಂದು ಹಾಕಿಸುತ್ತಿದ್ದರು. "ಆ ಎಂಜಿನ್ನನ್ನ ಗುಜರಿಗೆ ಹಾಕಯ್ಯ ಅಂತ ನಮ್ಮಪ್ಪ ಆಂಥೋಣಿಗೆ ಹೇಳಿದ್ದು ನನ್ನ ಕಿವಿಲೇ ಕೇಳಿದ್ದೀನಿ. ಅವನು ಹಾಕಿಲ್ಲ. ಎಲ್ಲರೂ ಎಸೆದದ್ದನ್ನ ಕೂಡಿಸಿಟ್ಟು, ಬೆಸುಗೆ ಹಾಕಿ, ನಿಮ್ಮ ತಂದೆ ಗುರುಮಲ್ಲಪ್ಪನವರಿಗೆ ಒಂದು ಕಾರು ಮಾಡಿಕೊಟ್ಟಿದ್ದಾನೆ."

ಮರಿಬಸಪ್ಪನವರ ಜೀವಕ್ಕೆ ಒಂದಿಷ್ಟು ಉಸಿರು ಬಂತು. "ಹಂಗಾದ್ರೆ ಕದ್ದದ್ದಲ್ಲ ಸ್ವಾಮಿ. ಬೇಡ ಅಂತ ಬಿಟ್ಟದ್ದು."

"ಬೇಡ ಅಂತ ಬಿಟ್ಟದ್ದೇ. ಕೋರ್ಟಿನಲ್ಲಿ ಬೇಕಾದ್ರೂ ಹೇಳ್ತೀನಿ." ವಕೀಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆದ್ರೆ ನಿಮ್ಮ ನಿರ್ಣಯದಲ್ಲಿ ಬಿಟ್ಟದ್ದು, ಕದ್ದದ್ದು ಅಂತ ಭೇದ ಇಲ್ಲವಲ್ಲ ಬಸಪ್ಪ. ಹೆಂಗೆ ಬಂತು ಅನ್ನೋ ಮಾತೇ ಬೇಡ ಅಂದವರು ನೀವೇ. ನನ್ನ ಎಂಜಿನ್ನು ನನಗೆ ಬರದಿದ್ರೆ ನನ್ನ ಕಾರಿಗೆ ಮೂಲಶುದ್ಧಿ ಸಿಗಲ್ಲ. ನಾನೇನು ಮಾಡಲಿ ಹೇಳಿ."

ಮರಿಬಸಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೆಟ್ಟವರು ಒಬ್ಬರೂ ಇರಲಿಲ್ಲ. ಅವರ ಮಗಳ ಮದುವೆಯಲ್ಲಿ ನಿಂತು ಬಡಿಸಿದವರು, ಆಸ್ಪತ್ರೆಯಲ್ಲಿದ್ದಾಗ ಸರದಿಯ ಮೇಲೆ ಗಂಜಿ ತಂದುಕೊಟ್ಟವರು. ಆರು ಜನವೂ ನೆಲ ನೋಡುತ್ತಿದ್ದರು, ಒಬ್ಬರೂ ಬೇಡ ಅನ್ನಲಿಲ್ಲ.

ಕಾರನ್ನು ಬಿಚ್ಚಿದವರು ಮರಿಬಸಪ್ಪನವರೇ. ಬೇರೆಯವರು ಬಿಚ್ಚಿದರೆ ತುಕ್ಕು ಹಿಡಿದ ಬೋಲ್ಟುಗಳನ್ನು ಮುರಿದುಹಾಕುತ್ತಾರೆಂದು ಅವರಿಗೆ ಭಯ. ಎಂಜಿನ್ನನ್ನು ಸರಪಳಿಗೆ ಕಟ್ಟಿ ಎತ್ತುವಾಗ ಶ್ರೀಕಂಠಸ್ವಾಮಿ, "ನಾವು ಬಿಚ್ಚಿಟ್ಟ ಹೊಸ ಸಾಮಾನೆಲ್ಲ ನೀವೇ ಇಟ್ಕೊಳ್ಳಿ. ಇನ್ನೊಂದು ಕಟ್ಟಿಕೊಳ್ಳಬಹುದು," ಎಂದರು.

"ಕಟ್ಟಿ? ಅದರೊಳಗೆ ಕಾಫಿ ಸುರಿಲಾ ಸ್ವಾಮಿ? ಅದಕ್ಕೆ ಪೆಟ್ರೋಲು ಯಾರು ಕೊಡ್ತಾರೆ?"

ವಕೀಲರು ಸರಪಳಿಗೆ ಕೈಕೊಟ್ಟರು. ಮೂಲಶುದ್ಧ ಕಾರಿಲ್ಲದವರು ಬಳಗದ ಸದಸ್ಯರಾಗಿರುವಂತಿಲ್ಲ ಎಂಬ ಇನ್ನೊಂದು ಮಾತನ್ನು ಅವರು ಆ ದಿನ ಹೇಳಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿದರು.

ತಗಡಿನ ಒಡಲನ್ನು ಮನೆಗೆ ತಂದು ಹಿತ್ತಲಿನಲ್ಲಿ ಕಲ್ಲುಗಳ ಮೇಲೆ ಇಳಿಸಿದಾಗ ಗೌರಾಂಬ ಬಾಗಿಲಲ್ಲೇ ನಿಂತು ನೋಡಿದಳು.

"ನೀವೇ ಹೇಳಿದ್ದಂತೆ, ಯಾರದ್ದು ಅವರಿಗೆ ಅಂತ."

"ಹೂಂ."

"ಅವರ ಹತ್ರ ನಮ್ಮದು ಐತೆ ಅಂದ್ಕೊಂಡು."

"ಹೂಂ ಕಣೆ. ಇನ್ನೂ ಎಷ್ಟು ಸಲ ಹೇಳಿಸ್ತೀಯ?"

ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಭಾನುವಾರ ಬಂದಾಗ ಚಾಲಕರಿಲ್ಲದ ಗಾಡಿ ಕರೆಸಿ ನಂಜನಗೂಡಿಗೆ ಹೋದರು. ಗಾಡಿ ಮೆತ್ತಗೆ ಹೋಗಿ ಮೆತ್ತಗೆ ಬಂತು. ದಾರಿಯುದ್ದಕ್ಕೂ ಮರಿಬಸಪ್ಪನವರ ಎಡಗೈ, ಅಲ್ಲಿಲ್ಲದ ಗೇರಿನ ಕಡೆಗೆ ಹೋಗಿ ಹೋಗಿ ತೊಡೆಯ ಮೇಲೆ ವಾಪಸು ಬೀಳುತ್ತಿತ್ತು. ಮುಂದಿನ ವಾರ ಅವರು ಹೋಗುವುದು ಬೇಡವೆಂದರು.

ಅತ್ತ ಆರು ಕಾರುಗಳಿಗೂ ಮೂಲಶುದ್ಧಿ ಪತ್ರ ಸಿಕ್ಕಿತು. ಹಳೆಯ ಭಾಗಗಳನ್ನು ಕೂರಿಸುವಾಗ ಸಂದಿಗೊಂದಿಗೆ ಬುಷ್ಷು, ಪಿನ್ನು, ರಿಂಗುಗಳನ್ನು ಹೊಸದಾಗಿ ಲೇತಿನಲ್ಲಿ ಕಡೆಸಬೇಕಾಯಿತು. ಸಣ್ಣ ಪುಟ್ಟವು, ಹತ್ತರಲ್ಲಿ ಒಂದು ಪಾಲಿನೊಳಗೇ ಇದ್ದವು. ಮಂಡಳಿ ಅಷ್ಟಕ್ಕೆ ಒಪ್ಪಿಗೆ ಕೊಟ್ಟಿತು.

ಮರುವರ್ಷದ ಪರೀಕ್ಷೆಗೆ ಮರಿಬಸಪ್ಪ ದಂಪತಿಗಳನ್ನು ಅತಿಥಿಗಳೆಂದು ಕರೆದಿದ್ದರು. ಬರುವುದಿಲ್ಲ ಎಂದು ಮೂರು ಸಲ ಅಂದು, ನಾಲ್ಕನೆಯ ಸಲ ಅವರು ಅಂಗಿ ಬದಲಾಯಿಸಿದರು.

ನಫೀಸಾ ಶ್ರೀಕಂಠಸ್ವಾಮಿಯವರ ಎಂಜಿನ್ನಿನ ಹೊಸ ರಿಂಗಿಗೆ ಕೊಳವೆ ತಾಗಿಸಿದಳು. ಅರಿಶಿನ ಬಣ್ಣದ ಗೆರೆ ಎದ್ದಿತು. ಆ ಬಣ್ಣವನ್ನು ಯಂತ್ರ ಅಲ್ಲಿಯವರೆಗೆ ತೋರಿಸಿರಲಿಲ್ಲ. ಉತ್ತಯ್ಯನವರ ಕಾರಿನ ಹೊಸ ಬುಷ್ಷಿನಲ್ಲೂ ಅದೇ ಬಂತು. ಆರೂ ಕಾರುಗಳಲ್ಲಿ, ಹೊಸದಾಗಿ ಕಡೆಸಿದ ಪ್ರತಿಯೊಂದು ಚೂರಿನಲ್ಲೂ ಅರಿಶಿನದ ಗೆರೆ. ಅವಳು ಬಹಳ ಹೊತ್ತು ಪರದೆಯ ಮುಂದೆ ಕೂತು, ಒರೆಸಿಹಾಕಿದ್ದ ಗದ್ದಲವನ್ನೆಲ್ಲ ಮತ್ತೆ ತೆರೆದು ಓದಿದಳು.

"ಅಂಕಲ್, ಇದು ನಿಮ್ಮ ಕಾರು," ಎಂದಳು ಕಡೆಗೆ.

"ನನ್ನ ಕಾರು ಹಿತ್ತಲಲ್ಲಿ ಐತೆ ತಾಯಿ. ಕೋಳಿ ಮೊಟ್ಟೆ ಇಡ್ತಾವೆ."

"ಅಲ್ಲ. ಈ ಭಾಗಗಳೆಲ್ಲ ಇವರಲ್ಲಿ ಹುಟ್ಟಿದ್ದು ಹೌದು. ಇವರು ಬಿಟ್ಟ ಮೇಲೆ ವಾರ ವಾರ, ಅಷ್ಟು ಕಾಲ, ಒಟ್ಟಿಗೆ ಓಡಿದ್ದು ನಿಮ್ಮಲ್ಲಿ. ಒಟ್ಟಿಗೆ ನಡುಗಿ ನಡುಗಿ ಎಲ್ಲವೂ ಒಂದೇ ಲಯ ಕಲಿತಿವೆ. ನಾನು ಅದನ್ನ ಗದ್ದಲ ಅಂತ ತೆಗೆದುಹಾಕಿದ್ದೆ. ಈಗ ಎಲ್ಲಿಗೆ ಹೋದರೂ ಅದೇ ಲಯದಲ್ಲಿ ನಡುಗ್ತಾ ಇಡೀ ಕಾರನ್ನೂ ಅದಕ್ಕೇ ಎಳೀತಿವೆ. ಪಕ್ಕದಲ್ಲಿ ಕೂರಿಸಿದ ಹೊಸ ಲೋಹಕ್ಕೆ ಅದೇ ಆದಿಕಂಪನ ಆಗಿಬಿಟ್ಟಿದೆ."

ಶ್ರೀಕಂಠಸ್ವಾಮಿ ಕುರ್ಚಿ ಎಳೆದುಕೊಂಡು ಕುಳಿತರು. ವಕೀಲರಿಗೆ ಅದರ ಅರ್ಥ ಬೇಗ ಹೊಳೆಯಿತು. ಹೊಸ ಚೂರುಗಳು ಬೇರೊಂದು ಕಾರಿನವು ಎಂದು ಯಂತ್ರ ಹೇಳಿದ ಮೇಲೆ ಮೂಲಶುದ್ಧಿ ಪತ್ರ ನಿಲ್ಲುವುದಿಲ್ಲ. ಬಳಗದ ನಿರ್ಣಯದ ಪ್ರಕಾರ ಅವನ್ನು ಆ ಕಾರಿಗೆ ಹಿಂದಿರುಗಿಸಬೇಕು. ಆ ಕಾರೇ ಇಲ್ಲ. ತೆಗೆದು ಬೇರೆ ಕಡೆಸಿ ಹಾಕೋಣವೆಂದರೆ, ಅವೂ ಆರು ತಿಂಗಳಲ್ಲಿ ಅರಿಶಿನವಾಗುತ್ತವೆ.

"ಒಂದು ದಾರಿ ಇದೆ," ನಫೀಸಾ ಮೆಲ್ಲಗೆ ಹೇಳಿದಳು. "ಹಳೇ ಭಾಗಗಳನ್ನ ಅಂಕಲ್‌ಗೆ ಹಿಂದಕ್ಕೆ ಕೊಟ್ಟುಬಿಟ್ಟರೆ."

ಆರು ಜನರ ಕೈಗಳು ತಮಗರಿವಿಲ್ಲದೆ ತಮ್ಮ ತಮ್ಮ ಬಾನೆಟ್ಟುಗಳ ಮೇಲೆ ಹೋದವು. ಕೊಟ್ಟರೆ ಕಾಲು ಭಾಗ ಹೋಯಿತು, ಪತ್ರ ಆಗಲೂ ಹೋಗುತ್ತದೆ. ಕೊಡದಿದ್ದರೆ ಈಗ ಹೋಗುತ್ತದೆ. ಕೊಟ್ಟರೂ ಮರಿಬಸಪ್ಪನವರ ಕಾರಿಗೆ ಪೆಟ್ರೋಲು ಸಿಗುವುದಿಲ್ಲ. ನಫೀಸಾ ತಾನೇ ಲೆಕ್ಕ ಹಾಕಿ ನೋಡಿ ಪರದೆಯನ್ನು ಆರಿಸಿದಳು.

"ಏನು ಮಾಡೋಣ ಬಸಪ್ಪ?" ಶ್ರೀಕಂಠಸ್ವಾಮಿ ಕೇಳಿದರು. ಅವರ ದನಿಯಲ್ಲಿ ವಕೀಲಿಕೆ ಉಳಿದಿರಲಿಲ್ಲ.

"ಸದಸ್ಯನಲ್ಲದೋನು ಸಭೇಲಿ ಮಾತಾಡೋ ಹಂಗಿಲ್ಲ ಸ್ವಾಮಿ," ಎಂದರು ಮರಿಬಸಪ್ಪ. ಚುಚ್ಚಬೇಕೆಂದು ಹೇಳಿದ್ದಲ್ಲ.

ಆ ತಿಂಗಳ ಪೆಟ್ರೋಲು ಟ್ಯಾಂಕುಗಳಲ್ಲಿ ಇನ್ನೂ ಇತ್ತು. ಇನ್ನು ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. "ಬನ್ನಿ, ಇರೋದನ್ನ ಓಡಿಸಿಯಾದ್ರೂ ಬಿಡುವ," ಎಂದರು ಉತ್ತಯ್ಯ. ಕಾರುಗಳನ್ನು ಸಾಲಾಗಿ ಅಂಗಳಕ್ಕೆ ತಂದರು. ಮರಿಬಸಪ್ಪ ಹೆಂಡತಿಯ ಜೊತೆ ಗೇಟಿನತ್ತ ನಡೆದರು. ಯಾರೋ ಕೂಗಿ ಕರೆದರು, ಬಂದು ಕೂತ್ಕೊಳ್ಳಿ ಎಂದು. ಅವರು ಕೈ ಅಲ್ಲಾಡಿಸಿ ಬೇಡವೆಂದರು.

ಹಿಂದಿನಿಂದ ಒಂದು ಎಂಜಿನ್ನು ಎರಡು ಸಲ ಕೆಮ್ಮಿ, ಒಂದು ಗಳಿಗೆ ತಡೆದು, ಹತ್ತಿಕೊಂಡಿತು. ಮರಿಬಸಪ್ಪನವರ ಕಾಲು ನಿಂತುಬಿಟ್ಟಿತು. ಎರಡನೆಯದೂ ಹಾಗೆಯೇ ಎರಡು ಸಲ ಕೆಮ್ಮಿ, ತಡೆದು, ಹತ್ತಿಕೊಂಡಿತು. ಮೂರನೆಯದೂ ಹಾಗೆಯೇ. ಅವರು ತಿರುಗಿ ನೋಡಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡರು.

"ಕೇಳಿಸ್ತಾ?" ಎಂದರು.

"ಹೂಂ," ಎಂದಳು ಗೌರಾಂಬ. "ನಮ್ಮದೇ."

"ಯಾವುದು?"

ಅವಳು ಆರನೆಯದೂ ಹತ್ತಿಕೊಳ್ಳುವ ತನಕ ಕಾದಳು.

"ಎಲ್ಲಾನೂ," ಎಂದಳು.