ಕೆಂಪು ಚಿಂದಿ ಕಟ್ಟಿದ ಟೊಮೇಟೊ ಗಿಡ

ನಾನು ನೀರಿಗೆ ಹೋಗುವ ದಾರಿಯಲ್ಲಿದ್ದ ಬ್ರಿಹಿದಾಳ ಹಿತ್ತಿಲಿನಲ್ಲಿ ಸಿರೀಲೊ ಮಂಡಿಯೂರಿ ಕುಳಿತು ಟೊಮೇಟೊ ಗಿಡದ ಬಗಲಿನ ಕುಡಿಗಳನ್ನು ಚಿವುಟುತ್ತಿದ್ದ. ಅವನ ಬೆರಳುಗಳು ಅಷ್ಟು ಮೆತ್ತಗೆ ಆಡುವುದನ್ನು ನಾನು ಎಂದೂ ನೋಡಿರಲಿಲ್ಲ.

ಗಿಡದಲ್ಲಿ ಒಂದೇ ಕಾಯಿ. ಸೊಟ್ಟಗೆ, ಮಡಿಕೆ ಮಡಿಕೆಯಾಗಿತ್ತು. ಅದು ನಮ್ಮಜ್ಜಿಯ ತಳಿ. ಕಾಂಡಕ್ಕೆ ಕಟ್ಟಿದ್ದ ಕೆಂಪು ಚಿಂದಿ ನನ್ನ ಹಳೆಯ ಲಂಗದ್ದು.

ಗ್ರಹಣದ ಹಿಂದಿನ ದಿನ ನಾನೇ ಅದನ್ನು ಹರಿದು ಅವನಿಗೆ ಕೊಟ್ಟಿದ್ದೆ, ಗ್ರಹಣದ ನೆರಳಿಗೆ ಗಿಡದ ಹೂವು ಉದುರದಿರಲಿ ಎಂದು. ಅದಕ್ಕೂ ಮೊದಲು ಬೀಜ ಕೊಟ್ಟಿದ್ದೆ, ಅಜ್ಜಿಗೆ ಹೇಳದೆ. ನಮ್ಮೂರಲ್ಲಿ ಮನೆಯ ಬೀಜ ಪಡೆದವನು ಮೊದಲ ಹಣ್ಣನ್ನು ಆ ಮನೆಗೇ ತರಬೇಕು. ತರದವನು ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ.

"ಆ ಗಿಡಾನ ಎಷ್ಟು ಮುದ್ದು ಮಾಡ್ತೀಯೋ, ಸಿರೀಲೊ!" ಬ್ರಿಹಿದಾ ಬಾಗಿಲಿಗೊರಗಿ ಕಿವಿಯೋಲೆ ಅಲ್ಲಾಡಿಸಿದಳು. "ಈ ಕಡೆನೂ ಸ್ವಲ್ಪ ನೋಡಬಾರದಾ?"

ಅವನು ನಕ್ಕ. ನಾನು ನೀರಿನ ಕೊಡವನ್ನು ಹೊತ್ತು ಮನೆಗೆ ಬಂದೆ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

"ಯಾರ ಮೇಲೆ ಕೋಪಾನೇ, ಒತೀಲಿಯಾ?" ಅಜ್ಜಿ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾ ಕೇಳಿದಳು.

"ಯಾರ ಮೇಲೂ ಇಲ್ಲ."

"ಮತ್ತೆ ಚಟ್ನೀನ ಯಾಕೆ ಹಾಗೆ ಜಜ್ತೀಯ? ಮೆಣಸಿನಕಾಯಿ ಸತ್ತು ಎಷ್ಟೋ ಹೊತ್ತಾಯ್ತು."

ನಾನು ಒಲೆಯ ಪಕ್ಕದ ಮಣ್ಣಿನ ಗೋಡೆ ನೋಡಿದೆ. ಬೀಜವನ್ನು ಬೂದಿಯಲ್ಲಿ ಕಲಸಿ ಅಂಗೈಯಿಂದ ಅಲ್ಲಿ ಬಳಿದು ಒಣಗಿಸುತ್ತೇವೆ. ಅಲ್ಲಿ ಅಜ್ಜಿಯ ಅಂಗೈಯ ಗುರುತಿದೆ, ತೀರಿಹೋದ ಅಮ್ಮನದು, ನನ್ನದು. ಮನೆಯವರಲ್ಲದೆ ಬೇರೆ ಯಾರೂ ಅಲ್ಲಿ ಕೈಯಿಡುವುದಿಲ್ಲ. ಈ ವರ್ಷ ಅಲ್ಲಿ ನಾಲ್ಕನೆಯ ಅಂಗೈ ಇರುತ್ತದೆಂದು ನಾನು ಒಳಗೊಳಗೇ ಅಂದುಕೊಂಡಿದ್ದೆ.

ಆಮೇಲೆ ಹತ್ತು ದಿನ ಬೇಡದಿದ್ದರೂ ನೀರಿಗೆ ಹೋದೆ. ಕಾಯಿ ಹಳದಿಯಾಯಿತು, ಕೆಂಪಾಯಿತು. ಬ್ರಿಹಿದಾ ಅವನಿಗೆ ಮಜ್ಜಿಗೆ ಕೊಡುವುದನ್ನು ನೋಡಿದೆ. ಲೋಟ ಕೈಗಿಡುವಾಗ ಅವಳ ಬೆರಳು ಅದನ್ನು ತಡವಾಗಿ ಬಿಟ್ಟದ್ದನ್ನೂ ನೋಡಿದೆ. ಆ ಹಣ್ಣನ್ನು ಹಲ್ಲಿನಿಂದಲೇ ಕಿತ್ತು ಉಗಿಯಬೇಕೆನಿಸಿತು.

ಹನ್ನೊಂದನೆಯ ದಿನ ಗಿಡ ಬರಿದಾಗಿತ್ತು. ಅವಳೇ ತಿಂದಿರಬೇಕು ಎಂದುಕೊಂಡೆ.

ಮಧ್ಯಾಹ್ನ ಸಿರೀಲೊ ನಮ್ಮ ಹೊಸ್ತಿಲಾಚೆ ನಿಂತ. ಕೈಯಲ್ಲೊಂದು ಕರವಸ್ತ್ರದ ಗಂಟು.

"ಮೊದಲ ಹಣ್ಣು."

"ಬ್ರಿಹಿದಾಗೆ ಕೊಡು. ಅವಳ ಹಿತ್ತಿಲದ್ದು ತಾನೆ."

ಅವನ ಕಿವಿಗಳು ಕೆಂಪಾದವು. "ನೋಡಿದ್ಯಾ?"

"ದಿನಾ."

"ದಿನಾನಾ?" ಅವನ ತುಟಿಯ ಒಂದು ಮೂಲೆ ಮೇಲೇರಿತು. "ನನ್ನ ಹಿತ್ತಿಲನ್ನ ಒಂದ್ಸಲಾನೂ ನೋಡಲಿಲ್ವಾ? ಬಾ."

ಅವನ ಮನೆ ಮೂರು ಬಾಗಿಲಾಚೆ. ಹಿತ್ತಿಲಿನಲ್ಲಿ ಗಿಡಕ್ಕೆ ಆಸರೆಯಾಗಿ ನೆಟ್ಟ ಹನ್ನೆರಡು ಕೋಲುಗಳಿದ್ದವು. ಪ್ರತಿಯೊಂದಕ್ಕೂ ಕಪ್ಪಾಗಿ ಕೊಳೆತ ಒಂದೊಂದು ಕಾಂಡ ಜೋತುಬಿದ್ದಿತ್ತು.

"ಮಳೆ ಸಾಲದು ಅಂತ ಎಲೆ ಮೇಲೂ ನೀರು ಸುರಿದೆ, ದಡ್ಡ. ಎಲ್ಲಾ ಸತ್ವು. ಬರಿಗೈಲಿ ನಿಮ್ಮ ಬಾಗಿಲಿಗೆ ಹೇಗೆ ಬರ್ಲಿ? ನಿಮ್ಮಜ್ಜಿ ಹಿಂದೆ ಬ್ರಿಹಿದಾಳ ಅಮ್ಮನಿಗೂ ಇದೇ ಬೀಜ ಕೊಟ್ಟಿದ್ರಂತೆ. ಒಂದು ಗಿಡ ನನಗೆ ಬಿಡು ಅಂತ ಬ್ರಿಹಿದಾನ ಕೇಳ್ದೆ. ಅದಕ್ಕೆ ಬದಲು ಕೋಳಿಗೂಡಿನ ಗೋಡೆ ಕಟ್ಟಿಕೊಡು ಅಂದ್ಲು."

"ಚಿಂದಿ?"

"ಸತ್ತ ಗಿಡದಿಂದ ಬಿಚ್ಚಿ ಅದಕ್ಕೆ ಕಟ್ಟಿದೆ. ನಿನ್ನದು ಅಂತ ಗುರುತಿರಲಿ ಅಂತ."

ಬ್ರಿಹಿದಾಳ ಹಿತ್ತಿಲಿನ ಬೇರೆ ಗಿಡಗಳಿಗೆ ಅವನು ಒಮ್ಮೆಯೂ ಕೈ ಹಚ್ಚಿರಲಿಲ್ಲ. ಎಲ್ಲವನ್ನೂ ನೋಡಿದ ನಾನು ಅದೊಂದನ್ನು ನೋಡಿರಲಿಲ್ಲ. ಆದರೂ ಎದೆಯ ಮುಳ್ಳು ಪೂರ್ತಿ ಹೋಗಲಿಲ್ಲ.

"ಅವಳು ಕರೆದಾಗ ನಗ್ತಿದ್ದೆ."

"ಗೋಡೆ ಮುಗಿಯೋವರೆಗೂ ನಗಬೇಕಿತ್ತು."

"ಮುಗೀತಾ?"

"ನಿನ್ನೆ."

"ಇನ್ಮೇಲೆ ನಗಬೇಡ."

ಅವನು ಬಾಯಿ ಬಿಗಿಹಿಡಿದು ತಲೆಯಾಡಿಸಿದ. ಕಣ್ಣು ಮಾತ್ರ ನಗುತ್ತಿತ್ತು.

ನಮ್ಮ ಅಡುಗೆಮನೆಯಲ್ಲಿ ಹಣ್ಣು ಕೊಯ್ದು ಉಪ್ಪು ಹಾಕಿ ಮೂವರೂ ತಿಂದೆವು. ಅಜ್ಜಿ ಬೀಜದ ರಸಕ್ಕೆ ಬೂದಿ ಕಲಸಿ ಬಟ್ಟಲನ್ನು ನನ್ನ ಮುಂದೆ ತಳ್ಳಿ, ಒಲೆಯ ಕಡೆ ತಿರುಗಿ ಕುಳಿತಳು.

ನಾನು ಸಿರೀಲೊನ ಮಣಿಕಟ್ಟು ಹಿಡಿದು ಅವನ ಅಂಗೈಯನ್ನು ಬೂದಿಯಲ್ಲಿ ಅದ್ದಿ ನನ್ನ ಗುರುತಿನ ಪಕ್ಕ ಗೋಡೆಗೆ ಒತ್ತಿದೆ.  

ಅಜ್ಜಿ ತಿರುಗದೆಯೇ ಹೇಳಿದಳು: "ಇನ್ನೂ ಸ್ವಲ್ಪ ಮೇಲೆ ಹಚ್ಚೋ. ಅಲ್ಲಿ ನಮ್ಮ ಕೋಳಿ ಕುಕ್ಕುತ್ತೆ."