ಬಣ್ಣದ ನೀರಿಗೆ ಬಂದವಳು

ಮೊದಲ ದಿನ ಶಿವನಪ್ಪ ನಮ್ರತಾಳನ್ನು ಮಾಲಿನ್ಯ ಇಲಾಖೆಯ ಇನ್ಸ್‌ಪೆಕ್ಟರ್ ಎಂದೇ ತಿಳಿದ. ಗಜೇಂದ್ರಗಡದಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಯಾರೋ ಒಬ್ಬಳು ಗಾಜಿನ ಬಾಟಲಿ ಹಿಡಿದು, ಬಣ್ಣ ಹಾಕಿ ಉಳಿದ ನೀರು ಬಿಡುವ ಅವನ ಹಿತ್ತಲಿನ ಹೊಂಡಕ್ಕೆ ಬಗ್ಗಿ ನೋಡುತ್ತಿದ್ದಳು. ಅವನು ಮೊಣಕೈವರೆಗೆ ಕೆಂಪಾಗಿದ್ದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತ. ಅವಳಿಗೆ ನಗು ತಡೆಯಲಾಗಲಿಲ್ಲ.

ನಮ್ರತಾ ನರಗುಂದದವಳು. ರೋಣದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದಳು. ಬಣ್ಣದ ನೀರನ್ನು ಬಿಸಿಲಿನಿಂದಲೇ ತಿಳಿ ಮಾಡುವುದು ಹೇಗೆಂಬುದು ಅವಳ ವಿಷಯ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೆಳಕು ಬಿದ್ದರೆ ಬಣ್ಣವನ್ನು ಒಡೆಯುತ್ತದೆ. ಆದರೆ ಅದಕ್ಕೆ ಬೇಕಾದ ಅತಿನೇರಳೆ ಕಿರಣ ಬಿಸಿಲಿನಲ್ಲಿ ತೀರ ಕಡಿಮೆ. ಯೂರಿಯಾ ಬೆರೆಸಿ ಕುಲುಮೆಯಲ್ಲಿ ಕಾಯಿಸಿದರೆ ನೈಟ್ರೋಜನ್ ಒಳಸೇರಿ ಪುಡಿ ತಿಳಿಹಳದಿಯಾಗುತ್ತದೆ. ಆಗ ಕಣ್ಣಿಗೆ ಕಾಣುವ ಬೆಳಕಿಗೂ ಕೆಲಸ ಮಾಡುತ್ತದೆ. ಅವಳು ಇಷ್ಟನ್ನೂ ಹೇಳುವಾಗ ಶಿವನಪ್ಪ ಪುಡಿಯನ್ನು ನೋಡಲಿಲ್ಲ. ಮಾತಿನ ನಡುವೆ ಏರಿಳಿಯುವ ಅವಳ ಹುಬ್ಬು ನೋಡಿದ.

"ಹೊಲಕ್ಕ ಹಾಕೂ ಯೂರಿಯಾನ ಏನ್ರಿ?"

"ಅದನ ರೀ."

"ನಮ್ಮನ್ಯಾಗೂ ಒಂದ ಚೀಲ ಐತಿ. ನಿಮ್ದ ಮುಗದ್ರ ಬರ್ರಿ."

ಅವಳು ಪ್ರತಿ ಶನಿವಾರ ಬಂದಳು. ಶಿವನಪ್ಪನ ತಾಯಿ ಗಾಳೆವ್ವ ಅವಳಿಗೆ ರೊಟ್ಟಿ ಬಡಿದು ಹಾಕಿದಳು, ನರಗುಂದದಲ್ಲಿ ಮನೆ ಯಾವ ಓಣಿ, ಅಪ್ಪ ಸಿಗುವುದು ಯಾವಾಗ ಎಂದು ಕೇಳತೊಡಗಿದಳು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಇಟ್ಟ ಗ್ಲಾಸಿನಲ್ಲಿ, ಒಳ್ಳೆ ನೀರು ಬೆರೆಸಿ ತೆಳುಮಾಡಿದ ಕೆಂಪು, ಅವಳ ಪುಡಿ ಹಾಕಿದ ಮೂರು ತಾಸಿಗೆ ತಿಳಿಯಾಯಿತು. ಶಿವನಪ್ಪ ಅದನ್ನು ಓಣಿಯವರಿಗೆಲ್ಲ ತೋರಿಸಿ ಬಂದ.

ಹೊಂಡದಲ್ಲಿ ಹಾಗಾಗಲಿಲ್ಲ. ಉಪ್ಪು, ಸೋಡಾ ಬೆರೆತ ದಟ್ಟ ನೀರು. ಬೆಳಕು ಬೆರಳುದ್ದವೂ ಇಳಿಯಲಿಲ್ಲ. ಪುಡಿ ಹಾಕಿ ನಾಲ್ಕು ದಿನ ಬಿಸಿಲಿಗೆ ಬಿಟ್ಟರೂ ಕೆಂಪು ಕೆಂಪಾಗಿಯೇ ಉಳಿಯಿತು.

ಆ ವಾರವೇ ಪಕ್ಕದ ಮನೆಯ ಮುಮತಾಜಬಿ ತನ್ನ ಬಾವಿಯ ನೀರನ್ನು ನಮ್ರತಾಳ ಕೈಗಿಟ್ಟಳು. ಕುಡಿದರೆ ನಾಲಿಗೆಗೆ ಏನೋ ಹತ್ತುತ್ತದೆ, ನೋಡಿ ಹೇಳು ಮಗಳೇ ಎಂದಳು. ಲ್ಯಾಬಿನಲ್ಲಿ ಅದರೊಳಗೆ, ಹೊಂಡದಿಂದ ಇಂಗಿ ಬಂದ ಶಿವನಪ್ಪನ ಕೆಂಪೇ ಸಿಕ್ಕಿತು. ನಮ್ರತಾ ಎರಡು ದಿನ ಆ ಪರೀಕ್ಷೆಯ ಹಾಳೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿ, ಕೊನೆಗೆ ಮೊದಲು ಅವನಿಗೇ ತೋರಿಸಿದಳು.

ಅವನು ಬಹಳ ಹೊತ್ತು ಓದಿದ. "ಆ ಮುದುಕಿ ಇದನ್ನ ಕುಡೀತಾಳ್ರಿ," ಎಂದ. "ಇದ್ದದ್ದ ಇದ್ದಂಗ ಕೊಡ್ರಿ."

ಅವಳು ಕೊಟ್ಟಳು. ಮುಮತಾಜಬಿಯ ಮಗ ಆ ಹಾಳೆಯನ್ನು ಊರಿನ ಅಧಿಕಾರಿಗಳಿಗೆ ಒಯ್ದ. ತಿಂಗಳೊಳಗೆ ಹೊಂಡ ಮುಚ್ಚಿಸಿದರು, ಬಣ್ಣ ಕುದಿಸುವ ಒಲೆಗಳು ಆರಿದವು. ಗಾಳೆವ್ವ ಶನಿವಾರ ಬಂದವಳನ್ನು ಬಾಗಿಲಲ್ಲೇ ತಡೆದಳು. ತನ್ನ ಗಂಡ ಕಟ್ಟಿದ್ದನ್ನು ಮುರಿದವಳು ತನ್ನ ಹೊಸ್ತಿಲು ದಾಟಿದರೆ ತಾನು ಅನ್ನ ಬಿಡುವುದಾಗಿ ಹೇಳಿದಳು. ಬೈಯಲಿಲ್ಲ, ಕೂಗಾಡಲಿಲ್ಲ. ನಮ್ರತಾಳಿಗೆ ಹೆದರಿಕೆಯಾದದ್ದು ಅದಕ್ಕೇ.

ಶಿವನಪ್ಪ ಇಳಕಲ್ಲಿಗೆ ಬೇರೆಯವರ ಮಗ್ಗದ ಕೂಲಿಗೆ ಹೊರಟ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ನಡುವೆ ಅವನ ಚೀಲವಿತ್ತು. ಇನ್ನೊಂದು ವರ್ಷ ಕೊಟ್ಟರೆ ಪುಡಿಯನ್ನು ಸುಧಾರಿಸಬಹುದೇನೋ ಎಂದು ಅವಳು ಹೇಳುತ್ತಿದ್ದಳು. ಅವನು ತಡೆದ.

"ನಿಮಗೊಂದು ಮಾತ ಹೇಳಬೇಕಾಗೇತಿ. ನಿಮ್ಮ ಪುಡಿ ಕೆಲಸ ಮಾಡ್ಲಿ ಅಂತ ನಾ ಒಂದ ದಿನಾನೂ ದೇವರಿಗೆ ಬೇಡಿಕೊಂಡಿಲ್ರಿ. ಕೆಲಸ ಮುಗದ್ರ ನೀವು ಬರೂದು ನಿಂತೀತು ಅಂತ."

ನಮ್ರತಾ ನೆಲ ನೋಡಿದಳು. "ಒಂದ ಸಲ ಒಯ್ದ ನೀರು ನನಗ ಎರಡ ತಿಂಗಳಿಗೆ ಸಾಕಾಗ್ತಿತ್ರಿ," ಎಂದಳು.

ಅವನು ಮೆಲ್ಲಗೆ ನಕ್ಕ. ಅವಳೂ ನಗಲು ನೋಡಿದಳು, ಆಗಲಿಲ್ಲ.

"ಅವ್ವನ ಮನಸು ಒಂದಿನ..." ಎಂದು ಅವಳು ಶುರುಮಾಡಿದಳು.

"ಇಲ್ರಿ," ಎಂದ ಶಿವನಪ್ಪ. "ಅಕಿ ನನ್ನಂಗ ಅಲ್ಲ. ನೀವು ಕಾಯಬ್ಯಾಡ್ರಿ."

ಇಳಕಲ್ಲಿನ ಬಸ್ಸು ಬಂತು. ಹತ್ತಿದವನು ಆಚೆ ಬದಿಯ ಕಿಟಕಿಗೆ ಹೋಗಿ ಕೂತ. ಧೂಳು ಇಳಿಯುವವರೆಗೆ ನಮ್ರತಾ ನಿಂತಿದ್ದಳು. ರೋಣದ ಬಸ್ಸು ಬಂದು ಹೋಯಿತು, ಇನ್ನೊಂದೂ ಹೋಯಿತು. ಮೂರನೆಯದನ್ನು ಅವಳು ಹತ್ತಿದಳು. ದಾರಿಯಲ್ಲಿ ಸೂಡಿ ದಾಟಿದ ಮೇಲೆ ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ, ಊರಿನ ಹೆಸರು ನೆನಪಾಗಲು ಅವಳಿಗೆ ತುಸು ಹೊತ್ತೇ ಹಿಡಿಯಿತು.