ಬೀಗಕ್ಕೆ ಮುಂಚಿನ ಶಿಳ್ಳೆ

ಅಕ್ಕ ಈ ವಿಷಯದ ಬಗ್ಗೆ ಬಾಯಿ ಬಿಡುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಬೆಟ್ಟದ ಮೇಲಿನ ಕೋಟೆ, ಉದ್ಯಾನ ಎಲ್ಲ ನೋಡಿ ನಾವಿಬ್ಬರೂ ಕೆಳಗಿಳಿದಾಗ ಸಂಜೆಯಾಗಿತ್ತು. ಕೊನೆಗೆ ಹೊರಬಿದ್ದವರು ನಾವೇ. ಕಾವಲುಗಾರ ಗೇಟು ಎಳೆದು, ಬೀಗ ಹಾಕದೆ, ಕೋಟೆಯ ಕಡೆ ತಿರುಗಿ ಶಿಳ್ಳೆ ಹೊಡೆದ.

"ಮೇಲೆ ಇನ್ನೂ ಯಾರಾದ್ರೂ ಇದ್ದಾರಾ?" ಅಕ್ಕ ಕೇಳಿದಳು.

"ಯಾರೂ ಇಲ್ಲಮ್ಮ. ಆದ್ರೂ ಬುರುಜಿಂದ ವಾಪಸ್ ಶಿಳ್ಳೆ ಬರುತ್ತೆ. ಬಂದ್ಮೇಲೇ ಬೀಗ. ನಮ್ಮಪ್ಪನ ಕಾಲದಿಂದ್ಲೂ ಹೀಗೇ."

"ಪ್ರತಿಧ್ವನಿ ಇರ್ಬೇಕು ಬಿಡಿ," ಎಂದು ನಾನು ನಕ್ಕೆ.

ಅವನು ನಗಲಿಲ್ಲ. ಬುರುಜಿನಿಂದ ಏನೂ ಕೇಳಿಸಲಿಲ್ಲ. ಮತ್ತೆ ಹೊಡೆದ. ಜೀರುಂಡೆಗಳೂ ಗಪ್‌ಚುಪ್ಪಾದವು.

ಈ ಸಲ ಉತ್ತರ ಬಂತು. ಮೆಲ್ಲಗೆ, ನಮ್ಮ ಬೆನ್ನ ಹಿಂದಿನಿಂದ. ಅಲ್ಲಿದ್ದದ್ದು ಗಾಜು ಏರಿಸಿ ನಿಲ್ಲಿಸಿದ್ದ ನಮ್ಮ ಕಾರೊಂದೇ.

ಕಾವಲುಗಾರ ದಡಬಡನೆ ಬೀಗ ಜಡಿದು, ನಮ್ಮ ಮುಖ ಕೂಡ ನೋಡದೆ ಹೊರಟುಹೋದ.

ಕಾರಿನಲ್ಲಿ ಯಾರೂ ಇರಲಿಲ್ಲ. ಮನೆಗೆ ಮರಳಲು ಬೇರೆ ಗತಿಯಿಲ್ಲದೆ ಹತ್ತಿದೆವು. ಒಳಗೆ ಹಳೇ ಕಲ್ಲಿನ ತಣ್ಣನೆಯ ವಾಸನೆ. ದಾರಿಯುದ್ದಕ್ಕೂ ಇಬ್ಬರೂ ಹಿಂದಿನ ಸೀಟಿನತ್ತ ತಿರುಗಲಿಲ್ಲ.

ಈಗ ಮನೆಯ ಗೇಟಿಗೆ ಬೀಗ ಹಾಕುವ ಮುಂಚೆ ಅಕ್ಕ ಯಾರೂ ಇಲ್ಲದ ಮಹಡಿಯ ಕಡೆ ತಿರುಗಿ ಶಿಳ್ಳೆ ಹೊಡೆದು ಕಾಯುತ್ತಾಳೆ. ಇದುವರೆಗೆ ಒಂದು ದಿನವೂ ಉತ್ತರ ತಪ್ಪಿಲ್ಲ.